ಎರಡು ಅಂಗುಲ

ಎಪ್ಪತ್ತೆರಡರ ಶೆವಿ. ಹಿಂದಿನ ಬಲಗಡೆಯ ರಿಮ್ಮಿಗೆ
ತುಕ್ಕು ಹತ್ತಿ ಅಂಚು ಉದುರಿ
ಬೆಳಗಾದರೆ ಟೈರು ಕೂತುಬಿಟ್ಟಿರುತ್ತದೆ
ಹಠ ಹಿಡಿದ ಹೇಸರಗತ್ತೆಯ ಹಾಗೆ.
ನಾಲ್ಕೂ ಬದಲಿಸು ಎಂದ ಅಬೆಲಾರ್ದೊ,
ಅಂತೊನೀಟೊದಲ್ಲಿ ರೈಲು ಹಳಿಯಾಚೆ ಟೈರಂಗಡಿ ಇಟ್ಟವನು,
ಬಂದವರ ಗಾಳಿಯನ್ನು ಕಣ್ಣಲ್ಲೇ ಅಳೆಯುವವನು.

ಐದು ಬೋಲ್ಟು. ಯಾವುದಕ್ಕೂ ನೇರ ಎದುರು ಇನ್ನೊಂದಿಲ್ಲ.
ಹಾಗಾಗಿ ಒಂದರ ನಡುವಿನಿಂದ
ಪಕ್ಕದ್ದನ್ನು ಬಿಟ್ಟು, ಅದರಾಚೆಯದರ ಹೊರ ಅಂಚಿಗೆ
ಟೇಪು ಎಳೆದ. ಐದು ಅಂಗುಲ.
ನಾವೂ ಐವರು ಅಣ್ಣತಮ್ಮಂದಿರು.
ಪಕ್ಕದವನನ್ನು ಬಿಟ್ಟು ಅಳೆದರೇ
ನಮ್ಮಲ್ಲೂ ಲೆಕ್ಕ ತಾಳೆಯಾಗುವುದು.

ಆಮೇಲೆ ಅಂಕಿಗಳು. ಇನ್ನೂರ ಮೂವತ್ತೈದು,
ಎಪ್ಪತ್ತೈದು, ಹದಿನೈದು:
ಅಗಲ ಮಿಲಿಮೀಟರಿನಲ್ಲಿ, ಗೋಡೆ ಶೇಕಡಾದಲ್ಲಿ, ರಿಮ್ಮು ಅಂಗುಲದಲ್ಲಿ.
ಒಂದೇ ಟೈರಿಗೆ ಮೂರು ಅಂಗಡಿಯ ತಕ್ಕಡಿ.
ಗುಣಿಸಿ, ಕೂಡಿಸಿ, ಎಣ್ಣೆಗೈಯನ್ನು ಪ್ಯಾಂಟಿಗೊರೆಸಿ ಅವನೆಂದ:
‘ಇಪ್ಪತ್ತೊಂಬತ್ತು ಅಂಗುಲ ಎತ್ತರ.
ಈಗ ನಿನಗಿರುವುದೂ ಅದೇ.’

ಆದರೆ ಗೋಡೆಗೆ ಒರಗಿ ನಿಂತಿತ್ತು ಒಂದು ಮೂವತ್ತಮೂರು.
ಹಲ್ಲು ಹೆಬ್ಬೆರಳಿನಷ್ಟು ದಪ್ಪ,
ಹೊಸ ರಬ್ಬರಿನ ವಾಸನೆ.
ಏಪ್ರಿಲ್ಲಿನ ಹಿಮ ಕರಗಿ ಕಾಲುವೆ ದಾರಿ ಕೆಸರಾದಾಗ
ಪಕ್ಕದ ಹೊಲದ ಹುಡುಗರ ಗಾಡಿಗಳು
ನನ್ನನ್ನು ದಾಟಿ ಹೋಗುವುದು ಇಂಥವುಗಳ ಮೇಲೇ.
ಕೈಯಿಟ್ಟೆ. ತೆಗೆಯಲಾಗಲಿಲ್ಲ.

‘ಫೆಂಡರಿಗೆ ಉಜ್ಜುತ್ತದೆ,’ ಎಂದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು
ತಗಡು ತನ್ನ ಭಾಷೆಯಲ್ಲಿ ಹೇಳುತ್ತದೆ: ಕರ್ರ್.
‘ಕತ್ತರಿಸಬಹುದು. ಆದರೆ ಇನ್ನೊಂದು ಕೇಳು.
ದೊಡ್ಡ ಗಾಲಿ ಕಡಿಮೆ ಸುತ್ತುತ್ತದೆ.
ಮುಳ್ಳು ಅರವತ್ತು ತೋರಿಸುವಾಗ
ನಿಜಕ್ಕೆ ನೀನು ಅರವತ್ತೆಂಟು.’
ಅವನಿಗೆ ನನ್ನ ವಯಸ್ಸು ಗೊತ್ತಿರಲಿಲ್ಲ.

ಗಾಡಿ ಎಷ್ಟು ಏರುತ್ತದೆ? ನಾಲ್ಕರಲ್ಲಿ ಅರ್ಧ, ಎರಡು.
ಉಳಿದೆರಡು ಅಚ್ಚಿನ ಮೇಲೆ, ಯಾರಿಗೂ ಉಪಯೋಗವಿಲ್ಲದೆ.
ನನಗೆ ಚಿಂತೆ ಕ್ಲೊತಿಲ್ದೆಯ ಮಂಡಿ.
ಕಳೆದ ಚಳಿಗಾಲ ಅಲಮೋಸಾದ ಆಸ್ಪತ್ರೆಯಲ್ಲಿ
ಅದರೊಳಗೆ ಲೋಹ ಕೂರಿಸಿದ್ದಾರೆ.
ಅವಳು ಒಳಗಿದ್ದಾಗ ಟೇಪು ತಂದು
ನೆಲದಿಂದ ಬಾಗಿಲ ಹೊಸ್ತಿಲಿಗೆ ಹಿಡಿದೆ.
ಕಿಟಕಿಯಿಂದ ದನಿ: ‘ಯಾರ ಪೆಟ್ಟಿಗೆಗೆ ಅಳತೆ?’

ಮುಚ್ಚಿಡಲಾಗದೆ ಹೇಳಿದೆ. ಕೊಟ್ಟಿಗೆಯಿಂದ
ಎರಡಂಗುಲ ದಪ್ಪದ ಹಲಗೆ ನಾಲ್ಕು ತಂದು
ಗಾಲಿಗೊಂದರಂತೆ ಹಾಸಿ, ಮೆಲ್ಲಗೆ ಹತ್ತಿಸಿದೆ
ಇನ್ನೂ ಕೊಳ್ಳದ ಟೈರಿನ ಎತ್ತರಕ್ಕೆ.
ಅವಳು ಏಪ್ರನ್ನಿನಲ್ಲೇ ಬಂದಳು, ಕೈಯಲ್ಲಿ ಹಿಟ್ಟು.
ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದು,
ಕುದುರೆ ಗೊತ್ತಿದ್ದವಳ ಹಾಗೆ, ಏರಿಯೇಬಿಟ್ಟಳು.
ಬ್ಲಾಂಕಾ ಶಿಖರದ ಕಡೆ ನೋಡಿ, ‘ಚೆನ್ನಾಗಿ ಕಾಣುತ್ತೆ,
ಅವನ ಹೆಂಡತಿ ಒಗೆದ ಬಟ್ಟೆಯೂ ಕಾಣುತ್ತೆ.’

ಗೆದ್ದೆ ಅಂದುಕೊಂಡು ನಾನಿಳಿದೆ ನನ್ನ ಕಡೆಯಿಂದ.

ನಲವತ್ತು ವರ್ಷ ಕಣ್ಣು ಮುಚ್ಚಿ ಇಳಿದ ಜಾಗ.
ಕಾಲು ಚಾಚಿದಲ್ಲಿ ನೆಲ ಇರಲಿಲ್ಲ.
ಇತ್ತು, ಎರಡು ಅಂಗುಲ ಕೆಳಗೆ,
ನನಗೆ ತಿಳಿಸದೆ ಬಿಡಾರ ಬದಲಿಸಿತ್ತು.
ಮೊದಲು ಮೊಣಕೈ, ಆಮೇಲೆ ಟೋಪಿ,
ಆಮೇಲೆ ಉಳಿದ ಎಲಿಸೇಯೊ.

ಮೇಲಿನಿಂದ ಅವಳ ನಗು. ಹಿಟ್ಟಿನ ಕೈ
ಬಾಯಿಗೆ ಅಡ್ಡ ಹಿಡಿದು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು,
‘ಮುಳ್ಳು ಎಷ್ಟು ತೋರಿಸ್ತಾ ಇತ್ತು?’

ಮಂಗಳವಾರ ಇಪ್ಪತ್ತೊಂಬತ್ತನ್ನೇ ಹಾಕಿಸಿದೆ.
ರಿಮ್ಮು ಮಾತ್ರ ಒಂದಂಗುಲ ಅಗಲದ್ದು,
ಬಿಳಿ ಅಕ್ಷರ ಹೊರಗೆ. ಅಷ್ಟಾದರೂ ಇರಲಿ.
ಅಬೆಲಾರ್ದೊ ಏನೂ ಕೇಳಲಿಲ್ಲ,
ಮೊಣಕೈಯ ಪಟ್ಟಿ ನೋಡಿ ಗಾಳಿ ತುಂಬಿದ.

ನಮ್ಮ ಗೇಟಿನಲ್ಲಿ ಎಡಕ್ಕೆ ಪೂರ್ತಿ ತಿರುಗಿಸಿದರೆ
ಈಗಲೂ ಎಲ್ಲೋ ಸಣ್ಣಗೆ ಉಜ್ಜುತ್ತದೆ.
ಸ್ಪ್ರಿಂಗು ಕುಸಿದಿದೆ. ತಿರುಗಿಸುವುದು ಸ್ವಲ್ಪ ಕಡಿಮೆ ಮಾಡಿದ್ದೇನೆ.
ಹಲಗೆಗಳು ಅಲ್ಲೇ ಬಿದ್ದಿವೆ,
ಅವುಗಳ ಮೇಲೆ ಕೋಳಿ ಹತ್ತಿ ನಿಂತು
ಇಳಿಯುವ ಮುನ್ನ ಒಮ್ಮೆ ಕೆಳಗೆ ನೋಡುತ್ತದೆ.