ಹದಿನಾರು ಪಟ್ಟು

ಡಿಡ್‌ಕಾಟ್ ಕಡೆಗೆ ಕೊನೆಯ ಬಸ್ಸು ಹೋಗಿ ಆಯಿತು.
ಹಾರ್ವೆಲ್ಲಿನ ಬಯಲಲ್ಲಿ ಕಳಚಿಟ್ಟ ಬಳೆಯಂಥ ಕಟ್ಟಡ,
ಒಳಗೆ ಇಲೆಕ್ಟ್ರಾನುಗಳು ಗಾಣದೆತ್ತಿನ ಹಾಗೆ ಸುತ್ತುತ್ತಿವೆ.
ಎತ್ತಿಗಾದರೂ ದಣಿವುಂಟು.

ನಮಗೆ ಸಿಕ್ಕಿದ್ದು ಬೆಳಗಿನ ಎಂಟರವರೆಗೆ.
ದ್ರವಸಾರಜನಕದ ಬಿಳಿ ಹೊಗೆಯಲ್ಲಿ ಇಕ್ಕಳ ಇಳಿಸಿ
ಟೆಗನ್ ಒಂದು ಪಾಚಿಯ ಕೋಶವನ್ನು ಒಳಗಿಟ್ಟಳು.
ಅಬಿಂಗ್ಡನ್ನಿನ ಸೇತುವೆಯ ಕೆಳಗೆ
ಜಾಮಿನ ಬಾಟಲಿಯಲ್ಲಿ ಅವಳೇ ಹಿಡಿದದ್ದು.
ಹರಳುಗಟ್ಟಲೂ ಬಿಡುವು ಕೊಡದೆ ಗಾಜಾಗಿಸಿದ ನೀರು,
ಅದರೊಳಗೆ ಅರ್ಧಕ್ಕೇ ನಿಂತ ಈಜು.

ಇದು ಸತ್ತಿದೆಯೇ ಎಂದು ಕೇಳಬೇಡಿ.
ನಮ್ಮ ಲಾಗ್‌ಬುಕ್ಕಿನಲ್ಲಿ ಆ ಕಾಲಂ ಇಲ್ಲ.

ಮೊದಲ ಚಿತ್ರ: ರವೆ ಚೆಲ್ಲಿದ ಹಾಗೆ, ಬರೀ ಕಾಳು.
'ಅದೋ, ಅದು ಪೊರೆ' ಅನ್ನುತ್ತಾಳೆ ಟೆಗನ್.
ನನಗೆ ಕಾಣುವುದು ಅವಳ ಆಸೆ.

ಇನ್ನೂ ಅರ್ಧದಷ್ಟು ಸಣ್ಣದು ಕಾಣಬೇಕೆ?
ಹದಿನಾರು ಪಟ್ಟು ತೆರಬೇಕು.
ಅದರ ಅರ್ಧಕ್ಕೆ ಮತ್ತೆ ಹದಿನಾರು.
ಯಾವ ಬಡ್ಡಿ ಸಾಹುಕಾರನೂ ಹೀಗೆ ಬರೆಸಿಕೊಂಡಿರಲಿಕ್ಕಿಲ್ಲ,
ಅದೂ ತೆರುವವರು ನಾವಲ್ಲ.

ಐದು ಗ್ರೇ ತಗುಲಿದರೆ ನಾನು ಉಳಿಯುವುದು ಅನುಮಾನ.
ಇದಕ್ಕೆ ಆಗಲೇ ಹತ್ತು ಕೋಟಿ.
ಚಳಿಯೊಂದೇ ಹಿಡಿದು ನಿಲ್ಲಿಸಿದೆ:
ಮುರಿದ ಬಂಧಗಳು, ಬೀಳಲೂ ಜಾಗವಿಲ್ಲದೆ,
ತುಂಬಿದ ರೈಲಿನಲ್ಲಿ ನಿಂತೇ ತೂಕಡಿಸುವವರ ಹಾಗೆ.

ಮೂರು ಗಂಟೆಗೆ ಗುಂಡಿ ಒತ್ತಿದ್ದು ನಾನೇ.
ಒಂದೇ ಒಂದು, ಉದ್ದನೆಯ ನೋಟ.
ಪೊರೆ ಬಂತು. ಪೊರೆಯ ಸುಕ್ಕು ಬಂತು.
ಕೊಬ್ಬಿನ ಹನಿಗಳು, ಬೆರಳಿಟ್ಟು ಎಣಿಸಿದೆವು, ಹನ್ನೊಂದು.
ಹನ್ನೆರಡನೆಯದು ಹನಿಯಲ್ಲ,
ಗುಳ್ಳೆ.
ಮರುಚಿತ್ರದಲ್ಲಿ ಇನ್ನೆರಡು. ಆಮೇಲೆ
ಗಂಜಿ ಉಕ್ಕಿದಂತೆ ಅಂಚೇ ಉಕ್ಕಿತು.

'ದೃಷ್ಟಿ ತಾಗಿತು' ಎಂದೆ, ಕನ್ನಡದಲ್ಲೇ.
ಟೆಗನ್ ಅರ್ಥ ಕೇಳಿದಳು. ಹೇಳಿದೆ.
ನಗುತ್ತಾಳೆ ಅಂದುಕೊಂಡಿದ್ದೆ.
ಹಾನಿಯ ಬಗೆ ಬರೆಯುವ ಕಡೆ
ಆ ಮಾತನ್ನೇ ಬರೆದಳು, ಅವಳ ಕಿವಿಗೆ ಕೇಳಿಸಿದಂತೆ,
ತಕಾರ ತಪ್ಪಿ.

ಉಳಿದ ಕೋಶಗಳಿಗೆ ಕಡಿಮೆ ಕೊಟ್ಟೆವು.
ಒಂದೊಂದು ಡಿಗ್ರಿ ತಿರುಗಿಸಿ ನೂರಿಪ್ಪತ್ತು ಓರೆನೋಟ,
ಒಂಟಿಯಾಗಿ ಯಾವುದೂ ಬಾಯಿ ಬಿಡದು.
ಸೇರಿಸಿದರೆ ಏನೋ ಒಂದು ಮೈ, ಮಬ್ಬಾಗಿ, ಇಡಿಯಾಗಿ.
ಪರಿಶೀಲಕರು ಬರೆಯುತ್ತಾರೆ, ಗೊತ್ತು:
ಚಿತ್ರ ಇನ್ನಷ್ಟು ಸ್ಪಷ್ಟವಿರಬಹುದಿತ್ತು.
ಇರಬಹುದಿತ್ತು.

ಎಂಟಕ್ಕೆ ಹೊರಗೆ ಬಂದರೆ ಮಂಜು.
ಬೇಲಿಯಾಚೆ ಏನೋ ನಿಂತಿತ್ತು, ಕುದುರೆಯೋ, ಪೊದೆಯೋ.
ಟೆಗನ್ ಕಾರು ಹತ್ತಿದಳು,
ದೀಪದ ಗುಂಡಿಯ ಮೇಲೆ ಕೈಯಿಟ್ಟು
ಸ್ವಲ್ಪ ಹೊತ್ತು ಹಾಗೇ ಕೂತಳು.