ಮರುಳಪ್ಪೊಡೆಯರ ಬಿಳಿ ಕುದುರೆ

ಜಪ್ತಿಗೆ ಹೋದವನು ನಾನೇ.
ಕಂಕುಳಲ್ಲಿ ಕಡತ, ಕಿವಿಯ ಸಂದಿಗೆ ಬಳಪ,
ಹಿಂದೆ ನಾಲ್ವರು ಬಂಟರು.
ಬಿದನೂರಿನ ಬೀದಿಯ ಬಾಗಿಲುಗಳು
ನಮ್ಮನ್ನು ಕಂಡು ಒಂದೊಂದಾಗಿ ಮುಚ್ಚಿಕೊಂಡವು;
ಒಡೆಯರದೊಂದೇ ತೆರೆದಿತ್ತು.

ಜಗಲಿಯ ಮೇಲೆ ಕೂತು ಉಗುರು ತೆಗೆಯುತ್ತಿದ್ದರು.
"ಬಾ ಲಿಂಗಪ್ಪಯ್ಯ, ಲಾಯದಿಂದ ಶುರುಮಾಡು.
ಬಿಸಿಲೇರಿದರೆ ಅಲ್ಲಿ ನೊಣ."

ಹದಿನಾರಕ್ಕೆ ಹಿರಿಯ ದೊರೆಯ ಅಡಪ ಹಿಡಿದವರು.
ಮೂವತ್ತಕ್ಕೆ ಘಟ್ಟ ಇಳಿದು ಹೊನ್ನಾವರದಲ್ಲಿ
ಪರಂಗಿಯವರೊಡನೆ ಮೆಣಸಿನ ದರಕ್ಕೆ
ಹನ್ನೊಂದು ದಿನ ಜಗ್ಗಾಡಿ,
ಖಂಡುಗಕ್ಕೆ ಎರಡು ವರಹ ಹೆಚ್ಚು ತಂದವರು
(ಜೊತೆಗೊಂದು ಕೆಮ್ಮು, ಮತ್ತೆ
ಮುಖ ಎರಡಾಗಿ ಕಾಣುವ ಕನ್ನಡಿ).
ದೊರೆ ತೀರಿದ ರಾತ್ರಿ ಪಟ್ಟಕ್ಕೆ ಇಬ್ಬರು ನಿಂತಾಗ
ಹೊಟ್ಟೆನೋವೆಂದು ಮಠದಲ್ಲಿ ಮಲಗಿ,
ನಗಾರಿ ಯಾರ ಬಾಗಿಲಲ್ಲಿ ಬಡಿಯಿತೆಂದು ಕೇಳಿಕೊಂಡು
ಆಮೇಲೆ ಎದ್ದವರು.
ಊರು ನಕ್ಕಿತು.
ಅಂದೇ ಎದ್ದುನಿಂತ ಧೀರರ ತಲೆಗಳು
ಕೋಟೆಬಾಗಿಲಲ್ಲಿ ಒಣಗತೊಡಗಿದ ಮೇಲೆ
ನಗುವುದು ನಿಲ್ಲಿಸಿತು.

ಬರೆದೆ. ತಾಮ್ರದ ಹಂಡೆ ಎರಡು, ಒಂದರ ಕಿವಿ ಮುರಿದದ್ದು.
ಮೂರು ಆಳ್ವಿಕೆಯ ಮೂರು ಮೊಹರು, ಒಂದೇ ಚೀಲದಲ್ಲಿ.
ಕನ್ನಡಿಯನ್ನು ಬರೆಯುವಾಗ
ಅದರೊಳಗೆ ಇಬ್ಬರು ಕರಣಿಕರು ತಲೆ ಬಗ್ಗಿಸಿದ್ದರು.

"ಕುದುರೆ?"
"ಕಂದು ಒಂದು, ಕಪ್ಪು ಒಂದು."
"ಬಿಳಿಯದೂ ಒಂದು," ಎಂದರು ಒಡೆಯರು,
ಉಗುರಿನಿಂದ ಕಣ್ಣೆತ್ತದೆ.
"ಸುಳಿ ಶುದ್ಧ. ಬರೆ."

ಲಾಯದಲ್ಲಿ ಬಿಳಿಯದಿರಲಿಲ್ಲ.
ಎಂದೂ ಇರಲಿಲ್ಲ.
ಅಂಕಿಯನ್ನು ಬಲಕ್ಕೆ ಒತ್ತಿ ಬರೆಯುವುದನ್ನು
ನನಗೆ ಕಲಿಸಿದ ದನಿ ಅದು.
ಕೈ ಬರೆಯಿತು.
ಬರೆದ ಮೇಲೆ ನೋಡಿದೆ.

ಅವರನ್ನು ಕವಲೇದುರ್ಗಕ್ಕೆ ಕರೆದೊಯ್ದರು.
ಹೊಸ ಸರ್ವಾಧಿಕಾರಿ ಕನ್ನಡಿಯನ್ನು ಮನೆಗೆ ಸಾಗಿಸಿದ,
ಹಂಡೆಯನ್ನೂ.
ಮಾರ್ನವಮಿಗೆ ಅರಮನೆಯಲ್ಲಿ ಕುದುರೆ ಎಣಿಸುವಾಗ
ನನ್ನ ಕಡತ ಬಿಚ್ಚಿದರು. ಬಿಳಿಯದೆಲ್ಲಿ?
ಕನ್ನಡಿ ಕದ್ದವನು ಕುದುರೆ ಬಿಟ್ಟಾನೆಯೆ?
ಆಣೆಯಿಟ್ಟ, ಅತ್ತ. ಕಡತ ಅಳಲಿಲ್ಲ.

ಹುಟ್ಟದ ಕುದುರೆ ಹೀಗೆ ಕವಲೇದುರ್ಗದ ಮೆಟ್ಟಿಲು ಹತ್ತಿ
ಮರುಳಪ್ಪೊಡೆಯರನ್ನು ಹೊತ್ತು ಇಳಿಯಿತು.
ನಾಲ್ಕನೆಯ ಮೊಹರು ಚೀಲ ಸೇರಿತು.

ಆ ರಾತ್ರಿ ಕಡತಕ್ಕೆ ತೊಂಡೆಸೊಪ್ಪಿನ ರಸ, ಇದ್ದಿಲು
ಕಲಸಿ ಉಜ್ಜಿದೆ. ಒಣಗಿಸಿ
ಮೇಲೆ ಛತ್ರದ ಅಕ್ಕಿಯ ಲೆಕ್ಕ ಬರೆದೆ.
ದೀಪಕ್ಕೆ ಓರೆ ಹಿಡಿದರೆ ಅಕ್ಕಿಯ ಕೆಳಗೆ
ಇನ್ನೂ ಕಾಣುತ್ತದೆ: ಬಿಳಿ, ಒಂದು.

ಇವತ್ತು ಬೆಳಿಗ್ಗೆ ಒಡೆಯರ ಆಳು ಬಂದಿದ್ದ.
ಮಾತಿಲ್ಲ, ಓಲೆಯಿಲ್ಲ;
ಬಾಳೆಯೆಲೆಯಲ್ಲಿ ಕಟ್ಟಿದ ಒಂದು ಸೇರು ಹುರುಳಿ
ಜಗಲಿಯ ಮೇಲಿಟ್ಟು ಹೋದ.

ಉಡುಗೊರೆಯೋ, ಎಚ್ಚರಿಕೆಯೋ.
ಹೆಂಡತಿ ಆಗಲೇ ನೆನೆಹಾಕಿದ್ದಾಳೆ.
ಸಾರು ಮಾಡುತ್ತಾಳಂತೆ.
ಬಳಪ ಹಿಡಿದು ಕೂತಿದ್ದೇನೆ,
ಇದನ್ನು ಯಾವ ಬಾಬ್ತಿಗೆ ಬರೆಯಲಿ?