ಹತ್ತು ಟೈರು, ಒಂದು ಕಿವಿ

ಪಿ.ಬಿ. ರಸ್ತೆಯ ಟೀ ಅಂಗಡಿ ಇನ್ನೂ ಬಾಗಿಲು ತೆಗೆದಿಲ್ಲ.
ಖಾಸಿಂಪೀರ ಉಸ್ತಾದರು ಕಬ್ಬಿಣದ ಕೋಲು ಹಿಡಿದು
ಮೆಕ್ಕೆಜೋಳ ಹೇರಿದ ಲಾರಿಯ ಸುತ್ತ ಬರುತ್ತಾರೆ.
ಠಣ್ ಅಂದರೆ ಗಾಳಿ ಸರಿ.
ಬದ್ ಅಂದರೆ ನಾನು ಕೈ ಎತ್ತಬೇಕು.

ಕೋಲು ಅವರದು, ಕಿವಿ ನನ್ನದು.
ಇಪ್ಪತ್ತೆಂಟು ವರ್ಷ ಎಂಜಿನ್ನಿನ ಮಗ್ಗುಲಿಗೆ ಕೂತ ಎಡಗಿವಿ
ಪೂರ್ತಿ ಹೋಗಿದೆ;
ಕಿಟಕಿ ಕಡೆಯದು ಚೂರು ಉಳಿದಿದೆ,
ಬೈದರೆ ಕೇಳುವಷ್ಟು.

ಆಮೇಲೆ ಡಿಪ್‌ಸ್ಟಿಕ್ಕು. ಒರೆಸಲು ಅವರ ಮನೆಯಾಕೆಯ ಹಳೇ ಸೀರೆ ಚೂರು,
ಅಂಚಿನ ಮಾವಿನಕಾಯಿ ಎಣ್ಣೆ ಕುಡಿದು ಕಪ್ಪಾಗಿದೆ.
ಏರ್ ಟ್ಯಾಂಕಿನ ತಿರುಪು ಸಡಿಲಿಸಿದರೆ
ಬುಸ್ಸೆಂದು ಒಂದು ಗುಟುಕು ನೀರು.
"ಇದು ಬ್ರೇಕಿನಾಗ ಕುಂತ್ರ, ಇಳಿಜಾರಿನಾಗ
ನಮಗ ನೀರು ಕುಡಿಸ್ತೈತಿ, ಹಾಲೇಶಿ."
ಫಿಲ್ಟರ್ ಕೊಡವಿದರೆ ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ.
ನಾನು ಸೀನುತ್ತೇನೆ. ಲಾರಿ ಸೀನಬಾರದು.

ಅಷ್ಟರಲ್ಲಿ ಟೀ. ಉಳಿದ ಡ್ರೈವರುಗಳದು ಕಥೆಯೋ ಕಥೆ:
ಶಿರಾ ದಾಟಿ ಹಬ್ ಹೊತ್ತಿ ಉರಿದದ್ದು,
ಆ್ಯಕ್ಸಲ್ ಮುರಿದು ಮೂರು ರಾತ್ರಿ ಬೇವಿನ ಮರದಡಿ
ಬರೀ ಸೌತೆಕಾಯಿ ತಿಂದದ್ದು.
ಉಸ್ತಾದರ ಹತ್ತಿರ ಒಂದೂ ಕಥೆಯಿಲ್ಲ.
ಬಸಿಗೆ ಸುರಿದು, ಊದಿ, ಕುಡಿಯುತ್ತಾರೆ.

ಮೊನ್ನೆ ಭರಮಸಾಗರ ದಾಟಿದ ಮೇಲೆ
ಹಿಂದೆ, ಎಡಕ್ಕೆ, ಒಂದು ಸಣ್ಣ ಟಿಕ್.
ಯಾರೋ ಉಗುರಿನಿಂದ ತಟ್ಟೆ ಬಡಿದ ಹಾಗೆ.
ಸುಮ್ಮನಿದ್ದೆ.
ದುರ್ಗದಲ್ಲಿ ಊಟ ಅಂದಿದ್ದರು; ಹಸಿವಾಗಿತ್ತು,
ಡಾಂಬರು ಕುದಿಯುತ್ತಿತ್ತು, ಲಾರಿಯಡಿಗೆ ತೂರುವವನು ನಾನೇ.
ಗುಡ್ಡದ ಮೇಲೆ ಫ್ಯಾನುಗಳು ಕಾಣತೊಡಗಿದವು,
ಟಿಕ್ ಜೋರಾಯಿತು,
ಆಗ ಅವರ ಭುಜ ಮುಟ್ಟಿದೆ.

ಒಂದು ಮಾತಿಲ್ಲ, ಪಕ್ಕಕ್ಕೆ ಹಾಕಿದರು.
ಹೆಂಚು ಕಾದಿದೆಯಾ ಅಂತ ಅವ್ವ ನೋಡುವ ಹಾಗೆ
ಹಿಂಗೈ ಇಟ್ಟು ಹಬ್ ನೋಡಿದರು.
ನಟ್ಟು ಒಂದು ಬೆರಳಲ್ಲೇ ತಿರುಗಿತು.
ಪಾನಾ ಮೇಲೆ ನಿಂತು ಬಿಗಿ ಮಾಡಿದೆ.
"ಯಾವಾಗಿಂದ?"
"ಈಗ" ಅಂದೆ.

ಡ್ಯಾಶ್‌ಬೋರ್ಡಿನ ನೋಟ್‌ಬುಕ್ಕಿನಲ್ಲಿ ಬರೆದರು,
ದೊಡ್ಡ ದೊಡ್ಡ ಅಕ್ಷರ, ನನಗೆ ಕಾಣುವ ಹಾಗೆ:
ಎಡ ಹಿಂದೆ, ಒಂದು ನಟ್ಟು. ಹಾಲೇಶಿ ಕೇಳಿಸಿಕೊಂಡ.

ಸುಮ್ಮನಿದ್ದ ಆ ನಾಲ್ಕು ಕಿಲೋಮೀಟರು
ಪುಸ್ತಕದಲ್ಲಿಲ್ಲ.
ಮೀಟರಿನಲ್ಲಿದೆ.